ಹಿಂದಕ್ಕೆ ಹೊಡೆದ ಮುಳ್ಳು

ಮೀಟರಿನ ಮುಳ್ಳು ಮುಂದಕ್ಕೆ ಬರಬೇಕಿತ್ತು. ಹಿಂದಕ್ಕೆ ಹೊಡೆಯಿತು.

ಕರೆಂಟಕ್ಕ ಎರಡೂ ತಂತಿಗಳನ್ನು ಕಿತ್ತು, ತುದಿಗಳನ್ನು ಶೆಡ್ಡಿನ ಕೆಲಸದ ಖಾಕಿ ಅಂಗಿಯ ತೋಳಿಗೆ ಒರೆಸಿ, ಮತ್ತೆ ಇಟ್ಟಳು. ಕೆಂಪು ತಂತಿ ಜೀಪಿನ ಬಾಡಿಗೆ, ಕಪ್ಪು ತಂತಿ ಸ್ಟಾರ್ಟರಿನ ತಾಮ್ರದ ಬೋಲ್ಟಿಗೆ. ಮುಳ್ಳು ಸೊನ್ನೆಯಿಂದ ಒಂದಿಷ್ಟು ಹಿಂದೆ ಸರಿದು ನಿತ್ರಾಣವಾಗಿ ನಿಂತಿತು.

"ಅಪ್ಪಾ, ಹಿಂದಕ್ಕೆ ಹೋಗ್ತಿದೆ," ಎಂದಳು, ಬಾನೆಟ್ಟಿನೊಳಗಿಂದ ತಲೆ ಎತ್ತದೆ.

ಪೊಲೀಸ್ ಠಾಣೆಯ ಹಿತ್ತಲಲ್ಲಿ, ಜಪ್ತಿಯಾದ ಗಾಡಿಗಳ ನಡುವೆ, ಮರದ ಸ್ಟೂಲಿನ ಮೇಲೆ ಕೂತಿದ್ದ ಮೇಸ್ತ್ರಿ ಕಣ್ಣು ಕಿರಿದು ಮಾಡಿದರು. ಎಪ್ಪತ್ತಾರು ವರ್ಷದ ಜೀವ. ಐವತ್ತು ವರ್ಷ ಗಾಡಿಗಳ ವೈರಿಂಗ್ ಮಾಡಿದ ಕೈಗಳು ಈಗ ಮೊಣಕಾಲಿನ ಮೇಲೆ ತಮ್ಮ ಪಾಡಿಗೆ ತಾವು ನಡುಗುತ್ತಿದ್ದವು.

"ಹಿಂದಕ್ಕೆ ಹೋದರೆ ಏನರ್ಥ?" ಪಕ್ಕದಲ್ಲಿ ನಿಂತಿದ್ದ ಇನ್ಸ್‌ಪೆಕ್ಟರ್ ಕೇಳಿದ.

"ಯಾರೋ ಬ್ಯಾಟರಿನ ತಿರುಗಿಸಿ ಕೂರಿಸಿದ್ದಾರೆ ಅಂತ," ಎಂದರು ಮೇಸ್ತ್ರಿ.

ಹನ್ನೊಂದು ದಿನಗಳ ಹಿಂದೆ ಡಾಕ್ಟರಮ್ಮನ ಈ ಜೀಪು ಬೆಟ್ಟದ ದಾರಿಯ ತಿರುವೊಂದರಲ್ಲಿ ಖಾಲಿ ನಿಂತಿತ್ತು. ಡಾಕ್ಟರಮ್ಮ ಇನ್ನೂ ಸಿಕ್ಕಿರಲಿಲ್ಲ. ಚಾರ್ಜ್ ಆಗದೆ ಬ್ಯಾಟರಿ ಸತ್ತು ಹೆಡ್‌ಲೈಟ್ ಆರಿಹೋಗಿ, ಕತ್ತಲಲ್ಲಿ ಕೆಳಗಿಳಿದವರು ಕಾಲು ಜಾರಿ ಕಣಿವೆಗೆ ಬಿದ್ದಿರಬೇಕು ಎಂದು ಊರೆಲ್ಲ ನಂಬಿತ್ತು. ಆ ಜೀಪಿಗೆ ಹೊಸ ವೈರಿಂಗ್ ಆಗಿ ಮೂರು ವಾರ ಕಳೆದಿತ್ತಷ್ಟೆ. ಆಗಿದ್ದು ಮೇಸ್ತ್ರಿಯ ಶೆಡ್ಡಿನಲ್ಲಿ.

ಆ ವೈರಿಂಗಿನ ತಪ್ಪಿನಿಂದಲೇ ಹೀಗಾಯಿತು ಎಂದು ದೂರು ಬರೆದುಕೊಟ್ಟವನು ಡಾಕ್ಟರಮ್ಮನ ತಮ್ಮ. ಹೊಸ ಕಾರುಗಳ ಶೋರೂಮ್ ನೋಡಿಕೊಳ್ಳುವವನು. ಇಸ್ತ್ರಿ ಮುರಿಯದ ಬಿಳಿ ಅಂಗಿ ತೊಟ್ಟು ಕಾಂಪೌಂಡ್ ಗೋಡೆಯ ನೆರಳಲ್ಲಿ ನಿಂತಿದ್ದ.

"ಸಾಹೇಬ್ರೇ, ಇವರು ವೈರಿಂಗ್ ಮಾಡಿದ ಗಾಡಿನ ಇವರ ಕೈಲೇ ಪರೀಕ್ಷೆ ಮಾಡಿಸೋದು ಯಾವ ನ್ಯಾಯ?" ಎಂದ. "ಕೈ ನಡುಗೋ ಮುದುಕರು. ಅವರು ಮಾಡಿದ ವೈರಿಂಗು ನಂಬಿ ನಮ್ಮಕ್ಕ ಬೆಟ್ಟ ಹತ್ತಿದ್ಲು."

"ನನ್ನ ಕಣ್ಣೆದುರಿಗೇ ಪರೀಕ್ಷೆ ಆಗ್ತಿದೆ. ನೀವೂ ನೋಡ್ತಿದ್ದೀರಿ. ಸುಮ್ನಿರಿ," ಎಂದ ಇನ್ಸ್‌ಪೆಕ್ಟರ್.

ಅವನಿಗೂ ಆತುರವಿತ್ತು. ಕಣಿವೆಯ ಹುಡುಕಾಟವನ್ನು ಆ ಸಂಜೆಗೆ ನಿಲ್ಲಿಸಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ನಿಲ್ಲಿಸಿದರೆ ಕಡತದಲ್ಲಿ ಉಳಿಯುವುದು ಒಂದೇ ಸಾಲು: ವಾಹನದ ವೈರಿಂಗ್ ದೋಷದಿಂದ ಆದ ಅವಘಡ. ಆ ಸಾಲಿನ ಕೆಳಗೆ ಮೇಸ್ತ್ರಿಯ ಹೇಳಿಕೆ ಆಗಲೇ ಇತ್ತು: "ವೈರಿಂಗ್ ಮಾಡಿದ್ದು ನಾನೇ. ತಪ್ಪಿದ್ದರೆ ನನ್ನದು."

ಕರೆಂಟಕ್ಕ ಎಡಗಡೆಯ ಸೀಟನ್ನು ಎತ್ತಿದಳು. ಈ ಜೀಪಿನಲ್ಲಿ ಬ್ಯಾಟರಿ ಇರುವುದು ಆ ಸೀಟಿನ ಕೆಳಗಿನ ಕಬ್ಬಿಣದ ಪೆಟ್ಟಿಗೆಯಲ್ಲಿ. ಮುಚ್ಚಳ ತೆರೆದವಳು ಹಾಗೇ ನಿಂತಳು.

"ಅಪ್ಪಾ, ಇದು ನಮ್ಮ ಬ್ಯಾಟರಿನೇ ಅಲ್ಲ."

ವೈರಿಂಗ್ ಮಾಡಿದಾಗ ಅಲ್ಲಿ ಕೂತಿದ್ದದ್ದು ಕಪ್ಪನೆಯ ದಪ್ಪ ಬ್ಯಾಟರಿ. ಮೂಲೆಯೊಂದು ಸೀಳಿದ್ದಕ್ಕೆ ಟಾರು ಮೆತ್ತಿದ್ದರು. ಈಗ ಇದ್ದದ್ದು ಹೊಚ್ಚ ಹೊಸ ಬಿಳಿ ಡಬ್ಬಿ. ಅದರ ಮೈನಸ್ ಕಂಬಿಯಿಂದ ಹೊರಟ ಕೇಬಲ್ ನೇರ ಜೀಪಿನ ಬಾಡಿಗೆ ಹೋಗಿತ್ತು.

ಇನ್ಸ್‌ಪೆಕ್ಟರ್ ಬಗ್ಗಿ ನೋಡಿದ. "ನಮ್ಮ ಗಾಡೀಲೂ ಹೀಗೇ ಇದೆಯಲ್ಲ. ಮೈನಸ್ಸು ಬಾಡಿಗೆ."

"ಈಗಿನ ಗಾಡಿ ಎಲ್ಲಾ ಹಾಗೇ ಸಾರ್," ಎಂದಳು ಕರೆಂಟಕ್ಕ. "ಇದು ನಿಮ್ಮ ಠಾಣೆಗಿಂತ ಹಳೇದು. ಇದರಲ್ಲಿ ಪ್ಲಸ್ಸು ಬಾಡಿಗೆ ಹೋಗ್ಬೇಕು. ಈ ಗಾಡಿ ಬಲ್ಲವರು ಕಣ್ಣು ಕಟ್ಟಿದರೂ ಹಂಗೇ ಹಾಕ್ತಾರೆ. ಪ್ಲಸ್ ಕಂಬಿ ದಪ್ಪ, ಮೈನಸ್ ಕಂಬಿ ಸಣ್ಣ. ಒಂದರ ಕ್ಲಾಂಪು ಇನ್ನೊಂದಕ್ಕೆ ಕೂರಲ್ಲ. ನೋಡಿ, ಇಲ್ಲಿ ಸುತ್ತಿಗೇಲಿ ಹೊಡೆದು ಕೂರಿಸಿದ್ದಾರೆ. ಅಲ್ಲಿ ಸಡಿಲ ಆಗಿದ್ದಕ್ಕೆ ತಗಡಿನ ಚೂರು ತುರುಕಿದ್ದಾರೆ."

"ನಮ್ಮಕ್ಕನೇ ಹಾಕಿರ್ತಾಳೆ," ಎಂದ ತಮ್ಮ. "ಇವರ ಬ್ಯಾಟರಿ ಕೈ ಕೊಟ್ಟಿರುತ್ತೆ. ಹೊಸದು ತಂದು ಹಾಕ್ಕೊಂಡಿರ್ತಾಳೆ."

"ಡಾಕ್ಟರಮ್ಮ ಈ ತಪ್ಪು ಮಾಡಲ್ಲ," ಎಂದರು ಮೇಸ್ತ್ರಿ.

ಕರೆಂಟಕ್ಕ ಬಾನೆಟ್ಟಿನೊಳಗೆ ಗೋಡೆಗೆ ಅಂಟಿಕೊಂಡಂತಿದ್ದ ಕಟೌಟ್ ಡಬ್ಬಿಯ ಮುಚ್ಚಳ ಬಿಚ್ಚಿದಳು. ಡೈನಮೋ ಹುಟ್ಟಿಸಿದ ಕರೆಂಟನ್ನು ಬ್ಯಾಟರಿಗೆ ಬಿಡುವ, ಎಂಜಿನ್ ನಿಂತ ಕೂಡಲೇ ಆ ದಾರಿ ಮುಚ್ಚುವ ಬಾಗಿಲು ಅದು. ಸುಟ್ಟ ವಾಸನೆ ಮೂಗಿಗೆ ಹೊಡೆಯಿತು. ಒಳಗಿನ ಪಾಯಿಂಟುಗಳು ಕರಗಿ ಒಂದಕ್ಕೊಂದು ಬೆಸೆದುಕೊಂಡಿದ್ದವು.

"ನೋಡಿದ್ರಾ," ತಮ್ಮ ಎರಡು ಹೆಜ್ಜೆ ಮುಂದೆ ಬಂದ. "ಸುಟ್ಟುಹೋಗಿದೆ. ಇನ್ನೇನು ಸಾಕ್ಷಿ ಬೇಕು?"

ಇನ್ಸ್‌ಪೆಕ್ಟರ್ ಮೇಸ್ತ್ರಿಯ ಮುಖ ನೋಡಿದ. ಅದರಲ್ಲಿ ಗಾಬರಿಯಿರಲಿಲ್ಲ.

"ಸುಟ್ಟಿದ್ದು ಯಾಕೆ ಅಂತ ಅವಳು ಹೇಳ್ತಾಳೆ, ಕೇಳಿ," ಎಂದರು.

"ಬ್ಯಾಟರಿ ತಿರುಗಿಸಿ ಹಾಕಿ ಎಂಜಿನ್ ಸ್ಟಾರ್ಟ್ ಮಾಡಿದ್ರೆ ಏನಾಗುತ್ತೆ ಗೊತ್ತಾ ಸಾರ್," ಎಂದಳು ಕರೆಂಟಕ್ಕ. "ಡೈನಮೋ ಒಂದು ಕಡೆ ತಳ್ಳುತ್ತೆ, ಬ್ಯಾಟರಿ ಇನ್ನೊಂದು ಕಡೆ. ಎರಡರ ಜೋರೂ ಈ ಪಾಯಿಂಟಿನ ಮೇಲೇ ಬೀಳುತ್ತೆ. ಬೆಸುಗೆ ಆಗಿಹೋಗುತ್ತೆ. ಆಮೇಲೆ ಎಂಜಿನ್ ನಿಲ್ಲಿಸಿದರೂ ಬಾಗಿಲು ಮುಚ್ಚಲ್ಲ, ಬ್ಯಾಟರಿ ಸೋರಿ ಸೋರಿ ಖಾಲಿ ಆಗುತ್ತೆ. ವೈರಿಂಗಿಂದ ಡಬ್ಬಿ ಸುಟ್ಟಿದ್ದಲ್ಲ. ತಿರುಗಿಸಿ ಹಾಕಿದವರ ಕೈಯಿಂದ ಸುಟ್ಟಿದ್ದು."

"ಬಾಯಲ್ಲಿ ಹೇಳಿದ್ರೆ ಆಯ್ತಾ?" ಎಂದ ತಮ್ಮ.

"ಇಲ್ಲ. ತೋರಿಸ್ತೀನಿ."

ಅವಳು ಶೆಡ್ಡಿನಿಂದ ತಂದಿದ್ದ ಒಳ್ಳೆಯ ಬ್ಯಾಟರಿಯನ್ನು ಜೀಪಿನ ಪಕ್ಕಕ್ಕೆ ಎಳೆದಳು. ಫ್ಯಾನ್ ಬೆಲ್ಟ್ ಕಳಚಿ, ಡೈನಮೋಗೆ ನೇರವಾಗಿ ಕರೆಂಟ್ ಕೊಟ್ಟಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಡೈನಮೋ ಸಣ್ಣಗೆ ಗುಂಯ್‌ಗುಟ್ಟುತ್ತ ಒಂದೇ ಹದದಲ್ಲಿ ತಿರುಗತೊಡಗಿತು. ಮೇಸ್ತ್ರಿ ಕಣ್ಣು ಮುಚ್ಚಿ ಕಿವಿಗೊಟ್ಟರು. ನೂರಾರು ಡೈನಮೋಗಳ ಸದ್ದು ಕೇಳಿದ ಕಿವಿ ಅದು.

"ಬುಷ್ಷು, ಬ್ರಷ್ಷು ಎರಡೂ ಸರಿಯಾಗಿವೆ," ಎಂದರು. "ಡೈನಮೋಗೆ ಏನೂ ಆಗಿಲ್ಲ. ಪಾಯಿಂಟು ಬಿಡಿಸು."

ಸಣ್ಣ ಅರದಿಂದ ಅವಳು ಪಾಯಿಂಟುಗಳನ್ನು ಬಿಡಿಸಿ ಉಜ್ಜಿದಳು. ಅವಸರ ಮಾಡಲಿಲ್ಲ. ನಾಲ್ಕು ಎಳೆತ, ಒಂದು ಊದು, ಬೆಳಕಿಗೆ ಹಿಡಿದು ನೋಡುವುದು, ಮತ್ತೆ ನಾಲ್ಕು ಎಳೆತ. ಆಮೇಲೆ ಹೊಸ ಬಿಳಿ ಡಬ್ಬಿಯನ್ನು ಹೊರಗಿಟ್ಟು ತನ್ನ ಬ್ಯಾಟರಿಯನ್ನು ಸೀಟಿನ ಕೆಳಗೆ ಇಳಿಸಿ, ಪ್ಲಸ್ಸನ್ನು ಬಾಡಿಗೆ ಬಿಗಿದಳು. ಬೆಲ್ಟ್ ಏರಿಸಿ, ಹೆಬ್ಬೆರಳಲ್ಲಿ ಒತ್ತಿ ಬಿಗಿ ನೋಡಿದಳು. ಕೊನೆಗೆ ಒಂದು ತುಂಡು ತಂತಿಯನ್ನು ಕಟೌಟಿನ ಎರಡು ತಿರುಪುಗಳ ನಡುವೆ ಚಕ್ಕನೆ ತಾಗಿಸಿ ತೆಗೆದಳು. ನೀಲಿ ಕಿಡಿ ಹಾರಿತು.

"ಅದೇನು?" ಇನ್ಸ್‌ಪೆಕ್ಟರ್ ಬೆಚ್ಚಿ ಹಿಂದೆ ಸರಿದ.

"ತಲೆ ಕೆಡಿಸಿಕೊಂಡಿತ್ತು ಡೈನಮೋ. ಯಾವ ಕಡೆ ಪ್ಲಸ್ಸು ಅಂತ ಜ್ಞಾಪಿಸಿದೆ," ಎಂದಳು. ಇನ್ಸ್‌ಪೆಕ್ಟರಿನ ಮುಖದಲ್ಲಿ ಆ ದಿನದ ಮೊದಲ ನಗು ಮೂಡಿತು.

ಸ್ಟಾರ್ಟರ್ ಕೊಸರಿತು. ಎಂಜಿನ್ ಎರಡು ಸಲ ಕೆಮ್ಮಿ, ಮೂರನೆಯ ಸಲಕ್ಕೆ ಹಿಡಿದುಕೊಂಡಿತು. ಡ್ಯಾಶ್‌ಬೋರ್ಡಿನ ಪುಟ್ಟ ಆಂಪ್‌ಮೀಟರಿನ ಮುಳ್ಳು ಪ್ಲಸ್ ಕಡೆಗೆ ಎದ್ದು, ಹತ್ತರ ಮೇಲೆ ನೆಟ್ಟಗೆ ನಿಂತಿತು.

"ಚಾರ್ಜ್ ಆಗ್ತಿದೆ. ಲೈಟ್ ಹಾಕ್ತೀನಿ, ನೋಡ್ತಿರಿ," ಎಂದಳು.

ಹೆಡ್‌ಲೈಟುಗಳು ಹಗಲಿನಲ್ಲೂ ಗೋಡೆಯ ಮೇಲೆ ಎರಡು ಹಳದಿ ಬಿಲ್ಲೆ ಮೂಡಿಸಿದವು. ಮುಳ್ಳು ಕೊಂಚ ಇಳಿಯಿತು. ಮೈನಸ್ಸಿಗೆ ಮಾತ್ರ ಹೋಗಲಿಲ್ಲ. ವೈಪರ್ ಹಾಕಿದಳು, ಹಾರನ್ ಒತ್ತಿದಳು. ಮುಳ್ಳು ಪ್ಲಸ್ ಬಿಟ್ಟು ಕದಲಲಿಲ್ಲ. ಠಾಣೆಯ ಕಿಟಕಿಗಳಲ್ಲಿ ನಾಲ್ಕಾರು ಮುಖಗಳು ಕಾಣಿಸಿಕೊಂಡವು.

"ಡೈನಮೋ ಸರಿ. ಒಂದೊಂದು ತಂತಿಯೂ ಸರಿ," ಎಂದ ಇನ್ಸ್‌ಪೆಕ್ಟರ್, ನೋಟ್‌ಬುಕ್ಕಿನಲ್ಲಿ ಬರೆಯುತ್ತ. "ಮೇಸ್ತ್ರಿಗಳೇ, ಈ ವಯಸ್ಸಲ್ಲಿ ಇಂಥ ಕೆಲಸ. ನಿಮ್ಮ ಕೈಗೆ ನಮಸ್ಕಾರ."

ಮೇಸ್ತ್ರಿ ಸ್ಟೂಲಿನಿಂದ ಎದ್ದರು. ಜೀಪಿನ ಮಡ್‌ಗಾರ್ಡ್ ಹಿಡಿದು ಬೆನ್ನು ನೆಟ್ಟಗೆ ಮಾಡಿಕೊಂಡರು.

"ಸಾರ್, ಬರೆದಿದ್ದನ್ನ ಹೊಡೆದು ಹಾಕಿ. ಹೇಳಿಕೇಲಿ ನಾನು ಸುಳ್ಳು ಹೇಳಿದ್ದೆ."

ಇನ್ಸ್‌ಪೆಕ್ಟರ್ ಬರೆಯುವುದು ಬಿಟ್ಟು ತಲೆ ಎತ್ತಿದ. ಮೇಸ್ತ್ರಿ ಮುಂದುವರಿಸಿದರು.

"ಈ ಕೈಲಿ ಸ್ಕ್ರೂ ಡ್ರೈವರ್ ಹಿಡಿದು ಮೂರು ವರ್ಷ ಆಯ್ತು. ಈ ಗಾಡೀಲಿರೋ ಪ್ರತಿ ತಂತೀನೂ ಎಳೆದಿದ್ದು ಇವಳು. ನಾನು ಪಕ್ಕದಲ್ಲಿ ಕೂತು ಚಹಾ ಕುಡಿದೆ, ಅಷ್ಟೆ. ತಪ್ಪಿತ್ತು ಅಂತ ಆಗಿದ್ರೆ ಕೆಲಸ ನಂದೇ ಆಗಿರ್ತಿತ್ತು. ಸರಿ ಇದೆ ಅಂತ ನಿಮ್ಮ ಬಾಯಲ್ಲೇ ಬಂತಲ್ಲ. ಈಗ ಬರ್ಕೊಳಿ. ಮಾಡಿದ್ದು ನನ್ನ ಮಗಳು."

ಕರೆಂಟಕ್ಕ ಎಂಜಿನ್ ನಿಲ್ಲಿಸುವ ನೆಪದಲ್ಲಿ ಡ್ಯಾಶ್‌ಬೋರ್ಡಿನ ಕಡೆ ಮುಖ ತಿರುಗಿಸಿಕೊಂಡಳು. ಇಪ್ಪತ್ತೈದು ವರ್ಷ ಅವರ ಕೈಕೆಳಗೆ ದುಡಿದಿದ್ದಳು. "ಪರವಾಗಿಲ್ಲ" ಎಂಬುದಕ್ಕಿಂತ ದೊಡ್ಡ ಮಾತು ಆ ಬಾಯಿಂದ ಬಂದದ್ದನ್ನು ಕೇಳಿರಲಿಲ್ಲ. ಕೀಲಿ ತಿರುಗಿಸಿದ ಮೇಲೂ ಅವಳ ಕೈ ಅಲ್ಲೇ ಇತ್ತು.

ಇನ್ಸ್‌ಪೆಕ್ಟರ್ ಪುಟದ ಮೇಲೆ ಗೆರೆ ಎಳೆದು, ಹೊಸದಾಗಿ ಬರೆದ. ಆಮೇಲೆ ಒಳಗಿನಿಂದ ತನ್ನ ಕುರ್ಚಿಯನ್ನು ತಾನೇ ಹೊತ್ತು ತಂದು, ಮೇಸ್ತ್ರಿಯನ್ನು ಕೂರಿಸಿದ.

ತಮ್ಮನಿಗೆ ಅದು ಸಹಿಸಲಾಗಲಿಲ್ಲ.

"ಈಗ ರಿಪೇರಿ ಮಾಡಿ ತೋರಿಸಿದ್ರೆ ಏನು ಬಂತು?" ಎಂದ. "ಅವತ್ತು ಚಾರ್ಜ್ ಆಗ್ತಿರ್ಲಿಲ್ಲ. ನಾನೇ ಕಣ್ಣಾರೆ ನೋಡಿದ್ದೀನಿ."

ಕರೆಂಟಕ್ಕ ಜೀಪಿನಿಂದ ಇಳಿದಳು. "ಏನು ನೋಡಿದ್ರಿ?"

"ಆ ಮುಳ್ಳು. ಮೈನಸ್ ಕಡೆ ಬಿದ್ದಿತ್ತು."

"ಯಾವಾಗ?"

"ಮಾರನೇ ದಿನ ಬೆಳಿಗ್ಗೆ. ಗಾಡಿನ ಬೆಟ್ಟದಿಂದ ಇಳಿಸ್ಕೊಂಡು ಬರೋವಾಗ."

"ಎಷ್ಟು ಹೊತ್ತು ಹಾಗಿತ್ತು?"

"ಪೂರ್ತಿ ಇಳಿಯೋ ತನಕ. ಮೈನಸ್ಸಲ್ಲೇ ಇತ್ತು."

ಇನ್ಸ್‌ಪೆಕ್ಟರ್ ಪುಟ ಹಿಂದಕ್ಕೆ ತಿರುವಿದ. "ಎಂಜಿನ್ ಸ್ಟಾರ್ಟ್ ಮಾಡಲಿಲ್ಲ, ನ್ಯೂಟ್ರಲ್ ಹಾಕಿ ಇಳಿಜಾರಿನಲ್ಲಿ ಹಾಗೇ ಬಿಟ್ಟೆ. ಬಾನೆಟ್ ಆಗಲಿ ಸೀಟಾಗಲಿ ಎತ್ತಲಿಲ್ಲ. ಇದು ನಿಮ್ಮ ಹೇಳಿಕೆ."

"ಹೌದು. ಲೈಟಿನ ಸ್ವಿಚ್ಚು ಆನ್ ಇತ್ತು, ಅದಕ್ಕೇ ಮುಳ್ಳು ಮೈನಸ್ಸಿಗೆ ಹೋಗಿತ್ತು. ಶೋರೂಮಲ್ಲಿ ಇರೋನು ನಾನು. ಅಷ್ಟೂ ಗೊತ್ತಾಗಲ್ವಾ?"

ಕರೆಂಟಕ್ಕ ಮರುಮಾತಾಡದೆ ಸೀಟು ಎತ್ತಿದಳು. ತನ್ನ ಬ್ಯಾಟರಿಯ ಕೇಬಲ್ಲುಗಳನ್ನು ಬಿಚ್ಚಿ, ಆ ಬಿಳಿ ಡಬ್ಬಿಗೆ ಇದ್ದ ಹಾಗೆಯೇ, ಮೈನಸ್ಸನ್ನು ಬಾಡಿಗೆ ಕೊಟ್ಟಳು. ಎಂಜಿನ್ ಮುಟ್ಟಲಿಲ್ಲ. ಲೈಟಿನ ಸ್ವಿಚ್ಚು ಮಾತ್ರ ಹಾಕಿದಳು.

"ಬನ್ನಿ. ಮುಳ್ಳು ಯಾವ ಕಡೆ ಇದೆ, ನೀವೇ ಹೇಳಿ."

ತಮ್ಮ ಬಗ್ಗಿ ನೋಡಿದ.

"ಪ್ಲಸ್," ಎಂದ ಇನ್ಸ್‌ಪೆಕ್ಟರ್, ಅವನ ಭುಜದ ಮೇಲಿಂದ ಇಣುಕಿ.

"ಬ್ಯಾಟರಿ ತಿರುಗಿದ್ರೆ ಈ ಮೀಟರೂ ಉಲ್ಟಾ ಓದುತ್ತೆ ಸಾರ್. ಖಾಲಿ ಆಗ್ತಿದ್ರೆ ಪ್ಲಸ್ ತೋರಿಸುತ್ತೆ. ಚಾರ್ಜ್ ಆಗ್ತಿದ್ರೆ ಮೈನಸ್. ಇವರು ಮೈನಸ್ ನೋಡಿದ್ದು ನಿಜ. ಅಂದ್ರೆ ಆಗ ಎಂಜಿನ್ ಓಡ್ತಿತ್ತು, ತಲೆ ಕೆಟ್ಟ ಡೈನಮೋ ಬ್ಯಾಟರಿ ಇದ್ದ ದಿಕ್ಕಿಗೇ ಚಾರ್ಜ್ ಕೊಡ್ತಿತ್ತು." ಅವಳು ತಮ್ಮನ ಕಡೆ ತಿರುಗಿದಳು. "ತಿರುಗಿಸಿ ಹಾಕಿದ ಬ್ಯಾಟರಿಗೂ ನನ್ನ ವೈರಿಂಗು ಕರೆಂಟ್ ಕೊಟ್ಟಿದೆ. ಎಂಜಿನ್ ಸ್ಟಾರ್ಟ್ ಮಾಡಿದ್ದು ನೀವು. ಬ್ಯಾಟರಿ ಹಾಕಿದ್ದೂ ನೀವೇ. ಹೊಸ ಗಾಡಿ ಅಭ್ಯಾಸದ ಕೈ ಅದು."

ತಮ್ಮನ ಬಿಳಿ ಅಂಗಿಯ ಕತ್ತುಪಟ್ಟಿ ಬೆವರಿಗೆ ಒದ್ದೆಯಾಗಿತ್ತು. ಗೋಡೆಯ ನೆರಳು ಬಿಟ್ಟು ಬಂದಿದ್ದವನಿಗೆ ಹಿಂದಿರುಗಲು ದಾರಿ ಕಾಣಲಿಲ್ಲ. ಜೀಪಿನ ಮೆಟ್ಟಿಲ ಮೇಲೆ ಕುಸಿದು ಕೂತ.

"ಶೋರೂಮಿಂದ ತಂದು ಹಾಕ್ದೆ," ಎಂದ. "ಅಕ್ಕನ ಗಾಡಿ ರಸ್ತೆ ಬದೀಲಿ ದಿಕ್ಕಿಲ್ಲದ ಹಾಗೆ ನಿಂತಿತ್ತು. ನೋಡೋಕಾಗ್ಲಿಲ್ಲ. ಸ್ಟಾರ್ಟ್ ಮಾಡಿದ ಕೂಡ್ಲೇ ಡಬ್ಬಿಯಿಂದ ಹೊಗೆ ಬಂತು. ಆದರೂ ಓಡಿಸ್ಕೊಂಡು ಬಂದೆ. ಆಮೇಲೆ ಎಲ್ಲರೂ ಸಾಕ್ಷಿ, ಸಾಕ್ಷಿ ಅಂತ ಶುರು ಮಾಡಿದ್ರು. ನನ್ನ ಕೈಯಿಂದಲೇ ಸಾಕ್ಷಿ ಹಾಳಾಯ್ತಲ್ಲ ಅಂತ ಭಯ ಆಯ್ತು. ಅಷ್ಟರಲ್ಲಿ ಯಾರೋ ಮೇಸ್ತ್ರಿ ವೈರಿಂಗ್ ಅಂದ್ರು. ನಾನೂ ಹೌದು ಅಂದ್ಬಿಟ್ಟೆ."

"ಹನ್ನೊಂದು ದಿನ," ಎಂದಳು ಕರೆಂಟಕ್ಕ. "ನಮ್ಮಪ್ಪ ಹನ್ನೊಂದು ದಿನ ಬೀದೀಲಿ ತಲೆ ತಗ್ಗಿಸದೆ ನಡೆದರು. ಎಷ್ಟು ಕಷ್ಟಪಟ್ಟು ನಡೆದರು ಅಂತ ನನಗೆ ಗೊತ್ತು."

ತಮ್ಮ ಎದ್ದು ಮೇಸ್ತ್ರಿಯ ಕುರ್ಚಿಯ ಮುಂದೆ ನಿಂತ. ಕೈ ಜೋಡಿಸಿದ. ಮೇಸ್ತ್ರಿ ಅವನನ್ನು ನೋಡಿದರು. ಕ್ಷಮಿಸಿದೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

"ಅದೆಲ್ಲ ಆಮೇಲಿರಲಿ," ಎಂದರು. "ಹಳೇ ಬ್ಯಾಟರಿ ಏನು ಮಾಡಿದೆ?"

"ಹಳೇದು ಇರ್ಲಿಲ್ಲ."

"ಇರ್ಲಿಲ್ಲ ಅಂದ್ರೆ?"

"ಸೀಟು ಎತ್ತಿದಾಗ ಪೆಟ್ಟಿಗೆ ಖಾಲಿ ಇತ್ತು. ಅದಕ್ಕೇ ಅಲ್ವಾ ನಾನು ಹೊಸದು ತಂದಿದ್ದು."

ಇನ್ಸ್‌ಪೆಕ್ಟರಿನ ಪೆನ್ನು ನಿಂತಿತು. ಬ್ಯಾಟರಿ ಸತ್ತು ಲೈಟು ಆರಿತು ಎಂಬ ಕಥೆಯ ಮೇಲೆ ಹನ್ನೊಂದು ದಿನ ಮೂವತ್ತು ಜನ ಕಣಿವೆ ಜಾಲಾಡಿದ್ದರು. ಆ ಕಥೆಯಲ್ಲಿ ಬ್ಯಾಟರಿಯೇ ಇರಲಿಲ್ಲ.

"ಕೇಬಲ್ಲು ಯಾರಾದ್ರೂ ಕತ್ತರಿಸಿದ್ರಾ?" ಎಂದು ಕೇಳಿದ.

"ಇಲ್ಲ. ನೀಟಾಗಿ ಬಿಚ್ಚಿದ್ರು. ಎರಡೂ ತುದಿಗೆ ಬಿಳಿ ಪ್ಲಾಸ್ಟರ್ ಸುತ್ತಿದ್ರು. ಆಸ್ಪತ್ರೇಲಿ ಗಾಯಕ್ಕೆ ಹಾಕ್ತಾರಲ್ಲ, ಅದು." ತಮ್ಮ ಡ್ಯಾಶ್‌ಬೋರ್ಡಿನ ಕೆಳಗಿನ ತಟ್ಟೆಯಲ್ಲಿ ತಡಕಾಡಿ, ಸುರುಳಿಯಾಗಿಯೇ ಕಳಚಿಟ್ಟಿದ್ದ ಎರಡು ಪ್ಲಾಸ್ಟರ್ ಟೋಪಿಗಳನ್ನು ತೆಗೆದುಕೊಟ್ಟ. "ಎಳೆದ ಕೂಡ್ಲೇ ಇಡೀದು ಕಳಚಿಕೊಂಡು ಬಂತು."

ಮೇಸ್ತ್ರಿ ಒಂದನ್ನು ಅಂಗೈಯಲ್ಲಿ ಹಿಡಿದರು. ಪ್ಲಾಸ್ಟರಿನ ಕೊನೆಯ ಅಂಚನ್ನು ಯಾರೋ ಒಳಕ್ಕೆ ಮಡಿಸಿ, ಪುಟ್ಟ ಕಿವಿಯಂತೆ ಬಿಟ್ಟಿದ್ದರು. ಕತ್ತಲಲ್ಲೂ ಬೆರಳಿಗೆ ಸಿಗುವ ಹಾಗೆ.

"ಈ ಕಿವಿ ನಮ್ಮ ಶೆಡ್ಡಿಂದು," ಎಂದರು. ಅವರ ದನಿಯಲ್ಲಿ ಹೆಮ್ಮೆ ತಾನಾಗಿ ಏರಿತು. "ಬೇರೆ ಯಾರೂ ಹೀಗೆ ಬಿಡಲ್ಲ. ಡಾಕ್ಟರಮ್ಮನಿಗೆ ನಾನೇ ಹೇಳಿಕೊಟ್ಟಿದ್ದೆ. ಒಂದೇ ಸಲಕ್ಕೆ ಕಲಿತ್ರು. ಸಾರ್, ಇದನ್ನ ಅವರೇ ಸುತ್ತಿದ್ದಾರೆ. ಗಾಬರಿ ಇಲ್ಲ, ಅವಸರ ಇಲ್ಲ. ಚಾರ್ಜ್ ತುಂಬಿದ ಬ್ಯಾಟರಿನ ಬೇಕು ಅಂತಲೇ ಬಿಚ್ಕೊಂಡು ಹೋಗಿದ್ದಾರೆ. ಕಣಿವೆ ಹುಡುಕಬೇಡಿ. ಅವರು ಬಿದ್ದಿಲ್ಲ."

ಇನ್ಸ್‌ಪೆಕ್ಟರ್ ಆಗಲೇ ಒಳಗಿದ್ದವರನ್ನು ಕೂಗಿ, ಹುಡುಕುವವರನ್ನು ಕಣಿವೆಯಿಂದ ಬೆಟ್ಟದ ಮೇಲಕ್ಕೆ ಕಳಿಸಲು ಹೇಳುತ್ತಿದ್ದ. ತಮ್ಮ ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಿದ್ದ.

ಕರೆಂಟಕ್ಕ ಎರಡನೆಯ ಪ್ಲಾಸ್ಟರನ್ನು ತಿರುಗಿಸಿ ನೋಡುತ್ತಿದ್ದಳು.

"ಅಪ್ಪಾ, ಆ ಬ್ಯಾಟರಿ ನಾನೇ ಎರಡು ಕೈ ಸೇರಿಸಿ ಎತ್ತಿದ್ದು. ಡಾಕ್ಟರಮ್ಮ ಒಬ್ಬರೇ ಹೊತ್ತುಕೊಂಡು ಬೆಟ್ಟ ಹತ್ತೋಕಾಗಲ್ಲ. ಇದನ್ನ ನೋಡಿ. ಕಿವಿ ಇದೆ, ಆದರೆ ಸುತ್ತು ಉಲ್ಟಾ. ಇದು ಬೇರೆಯವರ ಕೈ. ಎಡಗೈ."

ಮೇಸ್ತ್ರಿ ಅದನ್ನು ಇಸಿದುಕೊಂಡರು. ಸುತ್ತಿನ ದಿಕ್ಕನ್ನು ಬೆರಳಲ್ಲಿ ಸವರಿ ನೋಡಿದರು.

"ಇನ್ಯಾರಿಗೆ ಕಲಿಸಿದ್ರಿ?" ಮರಳಿ ಬಂದ ಇನ್ಸ್‌ಪೆಕ್ಟರ್ ಕೇಳಿದ.

"ಮೂವರಿಗೆ," ಎಂದರು ಮೇಸ್ತ್ರಿ. "ಡಾಕ್ಟರಮ್ಮ. ಇವಳು. ಇವಳ ಅಣ್ಣ. ಅವನು ಎಡಚ."

"ಅವರೀಗ ಎಲ್ಲಿದ್ದಾರೆ?"

ಮೇಸ್ತ್ರಿ ಪ್ಲಾಸ್ಟರನ್ನು ಮುಷ್ಟಿಯೊಳಗೆ ಮುಚ್ಚಿಕೊಂಡರು. ಉತ್ತರ ಕೊಟ್ಟವಳು ಕರೆಂಟಕ್ಕ.

"ನಮ್ಮಣ್ಣ ಹದಿನೆಂಟು ವರ್ಷದ ಹಿಂದೆ ಬಸ್ಸಿನ ಬೆಂಕೀಲಿ ಹೋದ ಸಾರ್. ಮುಖ ನೋಡಬೇಡಿ, ನೋಡೋ ಹಾಗಿಲ್ಲ ಅಂತ ನಮ್ಮನ್ನ ಬಾಗಿಲಲ್ಲೇ ತಡೆದ್ರು. ನಾವು ನೋಡ್ಲಿಲ್ಲ." ಅವಳು ಖಾಲಿ ಜೀಪಿನ ಡ್ರೈವರ್ ಸೀಟನ್ನೇ ದಿಟ್ಟಿಸುತ್ತಿದ್ದಳು. "ತಡೆದವರು ಡಾಕ್ಟರಮ್ಮ. ಸತ್ತಿದ್ದಾನೆ ಅಂತ ಸಹಿ ಹಾಕಿದವರೂ ಅವರೇ."